ಎರಡನೆಯ ಸಲ ಕರಿಯುವುದು

ಇರುವೆ ಎಣ್ಣೆಯ ಅಂಚಿನವರೆಗೆ ಬಂದು ನಿಂತಿದೆ, ಮೀಸೆ ಆಡಿಸುತ್ತದೆ, ಹಿಂದೆ ಸರಿಯುತ್ತದೆ, ಮತ್ತೆ ಬರುತ್ತದೆ, ಕಡಾಯಿಯ ಕಪ್ಪು ಕಬ್ಬಿಣದ ಮೇಲೆ ಅದು ಕಾಣುವುದು ಅಲುಗಿದಾಗ ಮಾತ್ರ — ಎಷ್ಟು ಹೊತ್ತಿನಿಂದ ಹೀಗೆ ಕುಕ್ಕರುಗಾಲಿನಲ್ಲಿ ಕೂತಿದ್ದೇನೋ, ಎಡಗಾಲು ಜೋಮು ಹಿಡಿದಿದೆ, ಏಳಬೇಕು, ಏಳುತ್ತೇನೆ. ಅಡುಗೆಕಟ್ಟೆಯ ಕೆಳಗೆ, ಸಿಲಿಂಡರಿನ ಪಕ್ಕಕ್ಕೆ, ಯಾರೋ ಇದನ್ನು ತಾಟು ಮುಚ್ಚಿ ತಳ್ಳಿಟ್ಟಿದ್ದರು, ಎಣ್ಣೆ ಸಹಿತ. ಬಂದ ಹೆಂಗಸರು ಮನೆಯ ಎಲ್ಲ ಪಾತ್ರೆ ತೊಳೆದರು, ತೊಳೆದದ್ದನ್ನೇ ಮತ್ತೆ ತೊಳೆದರು, ಅವರ ಕೈಗೆ ಏನಾದರೂ ಕೆಲಸ ಬೇಕಿತ್ತು, ಇದನ್ನು ಮಾತ್ರ ಕಾಲಿನಿಂದ ಒಳಗೆ ಸರಿಸಿದರು, ಸಾವಾದ ಮನೆಯಲ್ಲಿ ಕರಿಯುವ ಪಾತ್ರೆ ಕಣ್ಣಿಗೆ ಬೀಳಬಾರದಂತೆ. ನನ್ನ ಗಂಡ ಶರಣು ಶನಿವಾರ ಸಂಜೆ ಕರಿದು ಬಿಟ್ಟ ಎಣ್ಣೆ. ಚೆಲ್ಲಬ್ಯಾಡ ಸುನಿ, ನಾಳಿಗೂ ಇದೇ ಎಣ್ಣಿ ಬೇಕು. ಅವನ ನಾಳೆ ಎಂದರೆ ಭಾನುವಾರ. ಆ ಭಾನುವಾರ ಬಂತು, ಹೋಯಿತು, ಅದರ ಮೇಲೆ ವಿಭೂತಿ ಬಿತ್ತು, ಮಣ್ಣು ಬಿತ್ತು, ಕಾರ್ಯವೂ ಮುಗಿಯಿತು, ನಿನ್ನೆ ಸಂಜೆ ಕೊನೆಯ ನೆಂಟರ ಗಾಡಿ ಮುಂಡಗೋಡದ ಕಡೆ ಹೋಯಿತು, ಈಗ ಇದು ಬೆಳಗು, ಬರೀ ಬೆಳಗು, ಹಾಲಿನ ಪಾಕೀಟು ಬಾಗಿಲ ಹಿಡಿಕೆಯಲ್ಲಿ ಜೋತಾಡುತ್ತಿತ್ತು, ನಲ್ಲಿಯಲ್ಲಿ ನೀರು ಬಂತು, ಪವರ್ ಹೌಸಿನ ಮೊದಲ ಪಾಳಿಯ ಜೀಪು ಮನೆಯ ಮುಂದೆ ನಿಧಾನವಾಗಿ ಹಾದುಹೋಯಿತು, ಹಾರ್ನ್ ಹೊಡೆಯಲಿಲ್ಲ. ಓಡಿಸುತ್ತಿದ್ದವನು ಜೇವಿಯರ್. ದಿನಾ ಇದೇ ಗೇಟಿನ ಮುಂದೆ ಎರಡು ಸಲ ಹೊಡೆಯುತ್ತಿದ್ದ, ಒಂದು ಶರಣುಗೆ, ಇನ್ನೊಂದು ಶರಣು ಇನ್ನೂ ಬೂಟು ಹುಡುಕುತ್ತಿದ್ದುದಕ್ಕೆ. ಹೊಡೆಯಬಾರದು ಎಂದು ಇವತ್ತು ಅವನು ನೆನಪಿಟ್ಟುಕೊಂಡಿದ್ದಾನೆ, ಅಂಬಿಕಾನಗರದ ಎಲ್ಲ ಸಾಲುಗಳಲ್ಲಿ ಹೊಡೆದು ಈ ಒಂದು ಗೇಟಿನ ಮುಂದೆ ಕೈ ತೆಗೆದಿದ್ದಾನೆ, ಅದಕ್ಕಿಂತ ಹೊಡೆದಿದ್ದರೆ ಚೆನ್ನಾಗಿತ್ತು.

ಕಡಾಯಿ ಜೇವಿಯರನ ಮನೆಯದು. ಅವನ ಹೆಂಡತಿ ಫ್ಲೇವಿಯಾ ನಿನ್ನೆ ಸಂಜೆ ಗೇಟಿನ ಹೊರಗೆ ಬಂದು ನಿಂತಳು, ಊಟ ಆತ ಬಾಯಿ ಎಂದಳು, ಆತು ಎಂದೆ, ತುಸು ಹೊತ್ತು ನಿಂತು ಗೇಟಿನ ತುಕ್ಕನ್ನು ಉಗುರಿನಿಂದ ಕೆರೆದು ಹೋದಳು. ಅತ್ತೆಗೆ ಅಷ್ಟೇ ಸಾಕಾಯಿತು. ಆಕಿ ಕಡಾಯಿ ಸಲುವಾಗಿ ಬಂದಿದ್ಲು, ಅವರ ಮನ್ಯಾಗ ನಾಡದು ಲಗ್ನ, ಕೇಳಾಕ ಬಾಯಿ ಬರಲಿಲ್ಲ ಪಾಪ, ಇವತ್ತ ಕೊಟ್ಟ ಬಂದ್ಬಿಡ ಸುನಂದಾ, ನಾಳಿ ಊರಿಗೆ ಹೋಗೂಣು, ಸತ್ತವ್ರು ಇಸಗೊಂಡಿದ್ದ ವಸ್ತು ಮನ್ಯಾಗ ಇಟ್ಕೋಬಾರದು. ಅತ್ತೆ ಇದನ್ನು ಹಿತ್ತಲ ಬಚ್ಚಲಿಗೆ ಹೋಗುತ್ತ ಹೇಳಿದರು, ಬೆನ್ನು ಮಾಡಿಕೊಂಡು. ಕಾಶೆವ್ವ ಎಂಬ ಈ ಹೆಂಗಸು ಮಗ ಸತ್ತ ಮೇಲೆ ನನಗೆ ಮುಖ ಕೊಟ್ಟು ಮಾತಾಡಿಲ್ಲ, ನಾನೂ ಅವರಿಗೆ ಕೊಟ್ಟಿಲ್ಲ, ಇಬ್ಬರ ಮುಖದಲ್ಲೂ ಅವನ ಒಂದೊಂದು ಚೂರು ಇರಬೇಕು. ಏನ ಹಾಕಿ ಕೊಡ್ಲಿ ಅತ್ತಿ ಎಂದೆ. ಏನ ಹಾಕೂದು, ಹುಣಸಿಹಣ್ಣ ಹಚ್ಚಿ ತಿಕ್ಕಿ ಖಾಲಿ ಕೊಡು, ಸಾವಾದ ಮನಿಯಿಂದ ಒಂದ ಕಾಳೂ ಹೊರಗ ಹೋಗಬಾರದು, ತಿಂದವ್ರಿಗೆ ಒಳ್ಳೇದಲ್ಲ. ಇಸಗೊಂಡ ಭಾಂಡೆ ಖಾಲಿ ಕೊಡಬಾರದು ಅಂತ ನೀವೇ ಹೇಳಿದ್ರಿ. ಮದುವೆಯಾದ ಹೊಸತರಲ್ಲಿ, ಅತ್ತಿವೇರಿಯ ಹತ್ತಿರದ ಅವರ ಮನೆಯಲ್ಲಿ, ನಾನು ಪಕ್ಕದ ಮನೆಯ ಪಾತೇಲಿಯನ್ನು ತೊಳೆದು ಬರಿದಾಗಿ ಒಯ್ಯುತ್ತಿದ್ದಾಗ ಅಂಗಳದಲ್ಲೇ ತಡೆದು ಅದರೊಳಗೆ ನಾಲ್ಕು ಮುಳಗಾಯಿ, ಎಳೆ ಬದನೆ, ಹಾಕಿದ್ದರು, ಏನೂ ಇಲ್ಲಂದ್ರ ಬೆಲ್ಲದ ಚೂರರ ಹಾಕು, ಖಾಲಿ ಭಾಂಡೆ ಕೊಟ್ರ ಕೊಟ್ಟವರ ಮನಿಗೂ ಕೇಡು ಇಸಗೊಂಡವರ ಮನಿಗೂ ಕೇಡು ಎಂದಿದ್ದರು. ಬಚ್ಚಲ ಬಾಗಿಲು ಹಾಕುವ ಮೊದಲು ಅತ್ತೆ ಹೇಳಿದರು, ಅದು ಬಾಳೇವು ಮಾಡೋ ಮನಿಗೆ, ಸುನಂದಾ.

ತುಂಬಿಸಿ ಕೊಡ್ತೇನಿ ಫ್ಲೇವಿಯಾಬಾಯಿ, ಖಾಲಿ ಕೊಡಂಗಿಲ್ಲ, ಎಂದು ಹೇಳಿ ತಂದಿದ್ದ ಅವನು, ಭಾನುವಾರ ಸಂಜಿಗೆ ಎಲ್ಲಾರೂ ಬರ್ರಿ, ಅಲ್ಲೇ ತಿಂದು ಕಡಾಯಿ ತಗೊಂಡ ಹೋಗ್ರಿ. ತುಂಬಿಸಬೇಕಾದದ್ದು ಫ್ರಿಜ್ಜಿನ ಮೇಲಿನ ಖಾನೆಯಲ್ಲಿದೆ, ಸ್ಟೀಲಿನ ಡಬ್ಬಿಯಲ್ಲಿ. ನಾನು ನೋಡಿಲ್ಲ. ಇಷ್ಟು ದಿನ ಹಾಲು ತೆಗೆದೆ, ಮೊಸರು ತೆಗೆದೆ, ನೆಂಟರಿಗೆ ತಣ್ಣೀರು ತೆಗೆದೆ, ಮೇಲಿನ ಬಾಗಿಲನ್ನು ತೆಗೆಯಲಿಲ್ಲ. ಅವು ಅರ್ಧ ಕರಿದವು. ಫ್ರೆಂಚ್ ಫ್ರೈಸ್ ಗರಿಗರಿ ಆಗಬೇಕಾದರೆ ಎರಡು ಸಲ ಕರಿಯಬೇಕು, ಮೊದಲ ಸಲ ಹದ ಬಿಸಿಯ ಎಣ್ಣೆಯಲ್ಲಿ, ಬಣ್ಣ ಬರಬಾರದು, ಒಳಗೆ ಬೆಂದರೆ ಸಾಕು, ತೆಗೆದು ಆರಿಸಿ ಒಂದು ರಾತ್ರಿ ಮಂಜುಗಟ್ಟಿಸಿ, ಆಮೇಲೆ ಎರಡನೆಯ ಸಲ ಜೋರು ಬೆಂಕಿ, ಹೊಗೆಯಾಡುವ ಮುಂಚಿನ ಎಣ್ಣೆ, ಅಲ್ಲಿ ಅವು ಗಟ್ಟಿಯಾಗುತ್ತವೆ, ಹೊನ್ನಿನ ಬಣ್ಣಕ್ಕೆ ತಿರುಗುತ್ತವೆ. ಒಮ್ಮಿಗೇ ಯಾಕ ಕರಿಯಬಾರದು ಎಂದು ಅವನು ಎಷ್ಟು ವಾದ ಮಾಡಿದ. ಒಮ್ಮೆಗೇ ಮಾಡಿದರೆ ಹೊರಗೆ ಸುಟ್ಟು ಒಳಗೆ ಹಸಿ, ಅಥವಾ ಒಳಗೆ ಬೆಂದು ಹೊರಗೆ ಮೆತ್ತಗೆ, ನೀರು ಹೊರಬರಲು ಒಂದು ಸಲ, ಮೈ ಬಿಗಿಯಲು ಇನ್ನೊಂದು ಸಲ — ನಾನೇ ಹೇಳಿಕೊಟ್ಟದ್ದು, ಹಾಸಿಗೆಯಲ್ಲಿ ಮಲಗಿ, ಫ್ಯಾನು ನೋಡುತ್ತ. ಒಂದು ಮತ್ತು ಎರಡರ ನಡುವೆ ತೀರಿಕೊಂಡ. ಇವತ್ತು ಕರಿದರೆ ಕರಿದೆ. ಕಡಾಯಿ ಹೋದ ಮೇಲೆ, ನಾಳೆ ಬೀಗ ಹಾಕಿ ಊರಿಗೆ ಹೋದ ಮೇಲೆ, ಆ ಡಬ್ಬಿ ಯಾರದೋ ಕೈಯಿಂದ ಕಸದ ಬುಟ್ಟಿಗೆ, ಅಲ್ಲಿಗೆ ಮುಗಿಯಿತು, ಅವನು ಕರಿದದ್ದು ಅರ್ಧಕ್ಕೇ. ಲಿಂಗವಂತರಿಗೆ ಸೂತಕವಿಲ್ಲ ಎಂದು ಓದಿದ್ದೇನೆ, ಅನುಭಾವದ ಭಾಷಣಗಳಲ್ಲಿ ಕೇಳಿದ್ದೇನೆ, ಆದರೂ ಒಲೆಯ ಮೇಲೆ ಎಣ್ಣೆ ಇಡುವುದಿಲ್ಲ, ಅದು ಸೂತಕ ಅಲ್ಲ ಪದ್ಧತಿ ಎನ್ನುತ್ತಾರೆ, ಮುಂದಿನ ಹಬ್ಬಕ್ಕೆ ತವರಿನವರು ಬಂದು ತಮ್ಮ ಕೈಯಾರೆ ಬಾಣಲೆ ಇಟ್ಟು ಒಂದು ಪೂರಿಯನ್ನಾದರೂ ಕರಿಯಬೇಕು, ಅಲ್ಲಿಯವರೆಗೆ ಮನೆಯಲ್ಲಿ ಚುಂಯ್ ಎನ್ನಬಾರದು.

ಅವನ ಬಲಗಿವಿ ಚಿಕ್ಕಂದಿನಲ್ಲಿ ಸೋರಿ ಮಂದವಾಗಿತ್ತು, ಎಡದ್ದು ಅಷ್ಟಕ್ಕಷ್ಟೆ. ಅದಕ್ಕೇ ನನ್ನ ಕಿವಿ. ಕರಿದದ್ದರಲ್ಲಿ ಒಂದು ತುಂಡನ್ನು ಎರಡೂ ಕೈಯ ಬೆರಳುಗಳಲ್ಲಿ ಹಿಡಿದು ನನ್ನ ಕಿವಿಯ ಹತ್ತಿರ ತಂದು ಮುರಿಯಲೆಂದು ಬಾಗಿಸುತ್ತಿದ್ದ, ಬಿಸಿ ಎಣ್ಣೆಯ ವಾಸನೆ, ಅವನ ಬೆರಳಿನ ಉಪ್ಪು, ಕೇಳಸ್ತ? ಇಲ್ಲ. ಖರೇನ? ಇಲ್ಲರೀ, ಬಾಗಿತು ಅಷ್ಟೆ. ಸುಳ್ಳರ ಹೇಳ ಮಾರಾಯ್ತಿ. ಇಲ್ಲ. ನಾನು ಒಮ್ಮೆಯೂ ಸುಳ್ಳು ಹೇಳಲಿಲ್ಲ, ಕಲಿತದ್ದು ರಸಾಯನಶಾಸ್ತ್ರ, ಪ್ರಯೋಗದಲ್ಲಿ ಆಗದ್ದನ್ನು ಆಯಿತು ಎಂದು ಬರೆಯುವ ಅಭ್ಯಾಸವಿಲ್ಲ. ಅವನು ಮುಖ ಸಣ್ಣದು ಮಾಡಿ ಆ ತುಂಡನ್ನು ನನ್ನ ಬಾಯಿಗೆ ಹಾಕುತ್ತಿದ್ದ, ತಾನು ತಿನ್ನುತ್ತಿದ್ದುದು ಕಡಿಮೆ, ಮಿಕ್ಕದ್ದು ಪಾಳಿಯ ಡಬ್ಬಿಗೆ, ಜೇವಿಯರನಿಗೆ, ಗೇಟಿನ ಕಾವಲಿನವನಿಗೆ. ಅವನು ಎನ್ನುತ್ತಿದ್ದೇನೆ. ಬಾಯಲ್ಲಿ ಯಾವಾಗಲೂ ಅವರು, ಒಳಗೆ ಅವನು. ನೋಡ್ರಿ, ನನ್ನಂಗ ನಾಚತಾವ — ಅವನು ನನಗೆ ಹೇಳಿದ ಮೊದಲ ಮಾತು ಅದೇ ಇರಬೇಕು, ನಿಶ್ಚಯವಾದ ಮೇಲೆ, ಹುಬ್ಬಳ್ಳಿಯಲ್ಲಿ, ಸೀರೆ ತೆಗೆದುಕೊಂಡು ಗಾಜಿನ ಬಾಗಿಲಿನ ಒಂದು ಅಂಗಡಿಗೆ ಹೋದೆವು, ಹಿರಿಯರು ಬೇರೆ ಮೇಜಿನಲ್ಲಿ ಚಹಾ ಕುಡಿಯುತ್ತ ನಮ್ಮ ಕಡೆ ನೋಡದ ಹಾಗೆ ನೋಡುತ್ತಿದ್ದರು, ಕೆಂಪು ಕಾಗದದ ಡಬ್ಬಿಯಲ್ಲಿ ಫ್ರೆಂಚ್ ಫ್ರೈಸ್, ಇಬ್ಬರೂ ಮೊದಲು ಯಾರು ಕೈ ಹಾಕುವುದೆಂದು ಕಾಯುತ್ತ ಕಾಯುತ್ತ ಅವು ತಣ್ಣಗಾದವು, ಅವನು ಒಂದನ್ನು ಎತ್ತಿ ಹಿಡಿದಾಗ ಅದು ತಲೆ ಬಗ್ಗಿಸಿತು, ನೋಡ್ರಿ ನನ್ನಂಗ ನಾಚತಾವ. ನಾನು ನಕ್ಕೆ. ಅತ್ತೆ ಆ ಮೇಜಿನಿಂದ ತಿರುಗಿ ನೋಡಿದ್ದರು. ಮದುವೆಯಾದ ಮೇಲೆ ಅವನಿಗೆ ಅದೊಂದು ಹಟ, ಮನ್ಯಾಗ ಮಾಡೂಣು ಸುನಿ, ನಾಚಲಾರದಂಥವು. ಮೊದಲ ಸಲ ಎಲ್ಲವೂ ಕಪ್ಪು, ನಾಲಗೆಗೆ ಇಷ್ಟಿಷ್ಟು ಸಿಹಿ. ಆಲೂಗಡ್ಡೆಯನ್ನು ವಾರದಿಂದ ಫ್ರಿಜ್ಜಿನಲ್ಲಿ ಜತನವಾಗಿ ಇಟ್ಟಿದ್ದ. ತಣ್ಣಗಿಟ್ಟರೆ ಪಿಷ್ಟ ಸಕ್ಕರೆಯಾಗುತ್ತದೆ, ಸಕ್ಕರೆ ಎಣ್ಣೆಯಲ್ಲಿ ಕಪ್ಪಾಗುತ್ತದೆ ಎಂದೆ. ಅದನ್ನು ಮಾರನೆಯ ದಿನ ಜೀಪಿನಲ್ಲಿ ಎಲ್ಲರಿಗೂ ಪಾಠ ಮಾಡಿದನಂತೆ. ಜೇವಿಯರ್ ಸಂಜೆ ಗೇಟಿನಲ್ಲಿ ಇಳಿಸುತ್ತ ಕೂಗಿ ಹೇಳಿದ, ಬಾಯಿ, ನಿಮ್ಮ ಮನ್ಯಾಗ ಒಬ್ರು ಎಮ್ಮೆಸ್ಸಿ, ಒಬ್ಬ ಬಟಾಟಿ. ಲೇ, ಬಟಾಟಿ ಇಲ್ಲಂದ್ರ ಎಮ್ಮೆಸ್ಸಿ ತಗೊಂಡ ಏನ ಕರೀತೀ, ಎಂದ ಇವನು. ಎರಡನೆಯ ಸಲ ಹೊಸ ಆಲೂಗಡ್ಡೆ, ಬರೀ ನೀರು. ಆಮೇಲೆ ಹಳಿಯಾಳದ ಸಂತೆಗೆ ಹೋಗಿ ಹಳೇ ಬಟಾಟಿ ಕೇಳಿ ತಂದ, ಸಿಪ್ಪೆ ದಪ್ಪನೆಯವು, ಮಣ್ಣಿನವು. ಹೆಚ್ಚಿ ನೀರಿನಲ್ಲಿ ತೊಳೆದ, ನೀರು ಹಾಲಿನ ಹಾಗೆ, ಮತ್ತೆ ತೊಳೆದ, ತಿಳಿಯಾಗುವವರೆಗೆ. ಟವೆಲಿನ ಮೇಲೆ ಸಾಲಾಗಿ ಹರವಿದ, ಒಂದಕ್ಕೊಂದು ತಾಗಿದ್ರ ಬೆವರತಾವ, ತಾಗಬಾರದು. ಎಲ್ಲ ಸರಿಯಾಗಿತ್ತು, ನಮ್ಮ ಅಲ್ಯೂಮಿನಿಯಮ್ ಬಾಣಲೆ ಮಾತ್ರ ತೆಳು, ತುಂಡು ಬಿದ್ದೊಡನೆ ಎಣ್ಣೆ ಆರುತ್ತದೆ, ದಪ್ಪ ಕಬ್ಬಿಣ ಇದ್ದಿದ್ದರೆ ಬಿಸಿ ಹಿಡಿದಿಟ್ಟುಕೊಳ್ಳುತ್ತಿತ್ತು ಎಂದು ನಾನು ಅಂದದ್ದೇ, ಚಪ್ಪಲಿ ಕೂಡ ಸರಿಯಾಗಿ ಮೆಟ್ಟದೆ ಹೋಗಿ ಈ ಕಡಾಯಿಯನ್ನು ತಲೆಯ ಮೇಲೆ ಹೊತ್ತು ತಂದ, ಕಾಲನಿಯ ಹೆಂಗಸರೆಲ್ಲ ನೋಡುತ್ತಿದ್ದರು. ನಾಳಿಗೆ ನೋಡು, ನಾಳಿಗೆ ಕೇಳಸ್ತೈತಿ.

ಬೂಟು ಒಂದು ಬಿಚ್ಚಿತ್ತು, ಒಂದು ಬಿಚ್ಚಿರಲಿಲ್ಲ. ಭಾನುವಾರ ಮೊದಲ ಪಾಳಿ ಮುಗಿಸಿ ಬಂದು ಮೆಟ್ಟಿಲ ಮೇಲೆ ಕೂತಿದ್ದ, ಎದಿ ಉರೀತೈತಿ ಸುನಿ, ಗ್ಯಾಸ್ ಇರಬೇಕು, ಜೀರಗಿ ನೀರು ಕೊಡು ಎಂದ. ನಾನು ನೀರು ಕುದಿಯಲು ಇಟ್ಟೆ. ಕುದಿಯಿತು. ಸೋಸಿದೆ. ಆಮೇಲೆ ಜೇವಿಯರನ ಜೀಪು, ದಾಂಡೇಲಿಯ ದಾರಿ, ಮರಗಳು ಹಿಂದಕ್ಕೆ, ಬಿಚ್ಚಿದ ಕಾಲಿನ ಕಾಲುಚೀಲದಲ್ಲಿ ಹೆಬ್ಬೆರಳಿನ ಹತ್ತಿರ ತೂತು, ಹೊಲಿಯಬೇಕು ಎಂದುಕೊಂಡೆ, ಡಾಕ್ಟರು ಕುತ್ತಿಗೆ ಮುಟ್ಟಿ ನನ್ನ ಕಡೆ ನೋಡದೆ ಜೇವಿಯರನ ಕಡೆ ನೋಡಿದರು. ನಾದಿನಿ ಪುಣೆಯಿಂದ ಬರುವವರೆಗೆ ಇಡಬೇಕಿತ್ತು. ಗಾಜಿನ ಮುಚ್ಚಳದ ತಂಪು ಪೆಟ್ಟಿಗೆಯನ್ನು ತರಿಸಿದರು, ಅದರ ದಪ್ಪ ಪ್ಲಗ್ಗಿಗೆ ಹೊಂದುವ ಸಾಕೆಟ್ ಮನೆಯಲ್ಲಿ ಒಂದೇ, ಪಡಸಾಲೆಯ ಮೂಲೆಯಲ್ಲಿ, ಫ್ರಿಜ್ಜಿನದು. ಇದನ್ನ ತಗೀರಿ ಎಂದರು ಯಾರೋ. ತೆಗೆದರು. ಫ್ರಿಜ್ಜಿನ ಗುರುಗುಟ್ಟುವಿಕೆ ನಿಂತಿತು, ಪೆಟ್ಟಿಗೆಯದು ಶುರುವಾಯಿತು, ಅದೇ ಗೋಡೆಯ ಕರೆಂಟು. ನಾನು ಗೋಡೆಗೆ ಒರಗಿ ಕೂತಿದ್ದೆ, ಬೆಳಗಿನವರೆಗೆ. ಆ ಡಬ್ಬಿ ಕರಗುತ್ತದೆ ಎಂದು ನನಗೆ ಗೊತ್ತಿತ್ತು, ಆ ಹೊತ್ತಿನಲ್ಲೂ ಗೊತ್ತಿತ್ತು, ತಲೆಯೊಳಗೆ ಎಲ್ಲೋ ಒಬ್ಬಳು ಹೇಳುತ್ತಿದ್ದಳು, ಮಂಜು ಕರಗಿ ಮತ್ತೆ ಹೆಪ್ಪುಗಟ್ಟಿದರೆ ಜೀವಕೋಶ ಒಡೆಯುತ್ತದೆ, ನೀರು ಬಿಡುತ್ತದೆ, ಇನ್ನು ಗರಿಗರಿ ಆಗುವುದಿಲ್ಲ. ಅದನ್ನು ಯಾರಿಗೆ ಹೇಳುವುದು. ಗಾಜಿನ ಆಚೆ ಅವನ ಎರಡೂ ಕೈ ಎದೆಯ ಮೇಲೆ ಜೋಡಿಸಿಟ್ಟಿದ್ದರು, ಬೆರಳ ತುದಿಗಳು ಹತ್ತಿರ ಹತ್ತಿರ, ಏನನ್ನೋ ಹಿಡಿದು ಬಾಗಿಸುವ ಹಾಗೆ. ಬೆಳಗ್ಗೆ ನಮ್ಮವರ ಪದ್ಧತಿಯಂತೆ ಕೂಡಿಸಬೇಕಿತ್ತು, ಮೊಣಕಾಲು ಮಡಚಲು ನಾಲ್ಕು ಗಂಡಸರು ಬೇಕಾದರು, ಸಾವಕಾಶ, ಸಾವಕಾಶ ಎನ್ನುತ್ತಿದ್ದರು ಅತ್ತೆ, ನೋವಾದೀತು ಎನ್ನುವ ಹಾಗೆ. ಫ್ರಿಜ್ಜಿನ ಅಡಿಯಿಂದ ನೀರು ಹರಿದು ಪಡಸಾಲೆಯ ನಡುವಿಗೆ ಬಂದಿತ್ತು. ಯಾರೋ ನೀರ ಚೆಲ್ಯಾರ ನೋಡ್ರಿ, ಜಾರೀತು, ಎಂದು ಒಬ್ಬಾಕೆ ಒರೆಸಿದಳು, ಇನ್ನೊಬ್ಬರು ಫ್ರಿಜ್ಜಿನ ಪ್ಲಗ್ಗನ್ನು ಮತ್ತೆ ಹಾಕಿದರು.

ಎರಡು ಮನೆ ಆಚೆಯ ಲಕ್ಷ್ಮೀದೇವಿ ಮೂರನೆಯ ದಿನ ಬಂದು ಅತ್ತೆಯ ಪಕ್ಕದಲ್ಲಿ ಕೂತು ದನಿ ತಗ್ಗಿಸಿದಳು, ತಗ್ಗಿಸಿದರೂ ಮನೆಯೆಲ್ಲ ಕೇಳುವ ದನಿ ಅವಳದು, ಎಣ್ಣೀದು ಭಾಳ ತಿಂತಿದ್ನಂತಲ್ರೀ, ವಾರಾ ವಾರಾ ಈ ಮನ್ಯಾಗ ಕರಿಯೂ ವಾಸನಿ, ಈಗಿನ ಹುಡುಗ್ರ ಎದಿಗೆ ಅದೇ ನೋಡ್ರಿ. ಅತ್ತೆ ತಲೆ ಎತ್ತಿ ಅಡುಗೆಮನೆಯ ಬಾಗಿಲ ಕಡೆ ನೋಡಿದರು, ಬಾಗಿಲಲ್ಲಿ ನಾನಿದ್ದೆ. ಅಂದಿನಿಂದ ಆ ಮಾತು ಮನೆಯಲ್ಲಿ ಇದೆ, ಯಾರೂ ಎತ್ತುವುದಿಲ್ಲ.

ಅತ್ತೆ ಸ್ನಾನ ಮುಗಿಸಿ ಬಂದರು. ಪಡಸಾಲೆಯ ಗೋಡೆಗೆ ಮುಖ ಮಾಡಿ ಮಣೆಯ ಮೇಲೆ ಕೂತು ಹಣೆಗೆ ತೋಳಿಗೆ ವಿಭೂತಿ ಹಚ್ಚಿ, ಕೊರಳ ಕರಡಿಗೆಯಿಂದ ಲಿಂಗ ತೆಗೆದು ಎಡ ಅಂಗೈಯಲ್ಲಿ ಇಟ್ಟುಕೊಂಡರು. ಇನ್ನು ಪೂಜೆ ಮುಗಿಯುವವರೆಗೆ ಏಳುವುದಿಲ್ಲ, ಮಾತಾಡುವುದಿಲ್ಲ, ಕಣ್ಣು ತೆಗೆಯುವುದಿಲ್ಲ. ಅವರ ಬೆನ್ನಿನ ಹಿಂದೆ ನಾನು ಫ್ರಿಜ್ಜಿನ ಮೇಲಿನ ಬಾಗಿಲು ತೆಗೆದೆ. ಡಬ್ಬಿ ಅಂಟಿಕೊಂಡಿತ್ತು, ಚಾಕು ಹಾಕಿ ಎಬ್ಬಿಸಿದೆ. ಒಳಗೆ ಸಾಲುಗಳಿಲ್ಲ, ಒಂದು ಗಡ್ಡೆ, ಬೂದು ಬಣ್ಣದ್ದು, ಅಲ್ಲಲ್ಲಿ ಒಂದೊಂದು ತುದಿ ಹೊರಗೆ. ಹಾಗೇ ಹಾಕಿದರೆ ಎಣ್ಣೆ ಸಿಡಿದು ಮುಖಕ್ಕೆ ಬರುತ್ತದೆ, ಕರಗಿಸಬೇಕು, ಕರಗಿಸಿದರೆ ಮುದ್ದೆ. ಕರಗಿಸಿದೆ. ಕೈಯ ಬಿಸಿಯಿಂದ ಒಂದೊಂದಾಗಿ ಬಿಡಿಸಿದೆ, ಬಿಡಿಸುವಾಗ ಹಲವು ಪುಡಿಯಾದವು, ಬೆರಳ ಸಂದಿಯಲ್ಲಿ ಪಿಷ್ಟದ ಲೋಳೆ, ಒಂದು ಹಿಡಿಯಷ್ಟು ಉಳಿದವು ಇಡಿಯಾಗಿ, ಟವೆಲಿನ ಮೇಲೆ ಹರವಿದೆ, ತಾಗಬಾರದು, ತಾಗಿದರೆ ಬೆವರತಾವ, ತಾಗದಿದ್ದರೂ ಬೆವರುತ್ತಿದ್ದವು, ಒತ್ತಿ ಒರೆಸಿದೆ, ಮತ್ತೆ ನೀರು, ಮತ್ತೆ ಒರೆಸಿದೆ. ಆಗುವುದಿಲ್ಲ ಎಂದು ಗೊತ್ತಿದೆ. ಗೊತ್ತಿರುವುದು ಒಂದು ಕಡೆ, ಕೈ ಒಂದು ಕಡೆ. ಕಡಾಯಿಯನ್ನು ಎರಡೂ ಕೈಯಿಂದ ಎತ್ತಿ ಒಲೆಯ ಮೇಲೆ ಇಟ್ಟೆ, ಇರುವೆ ಎಲ್ಲಿ ಹೋಯಿತೋ, ಗ್ಯಾಸು ಹಚ್ಚಿದೆ. ಎಣ್ಣೆ ಕಾಯುವುದನ್ನು ಅವನು ಕಟ್ಟಿಗೆಯ ಸವಟಿನ ಹಿಡಿಯನ್ನು ಅದ್ದಿ ನೋಡುತ್ತಿದ್ದ, ಸುತ್ತ ಗುಳ್ಳೆ ಬಂದರೆ ಆಯಿತು, ಈಗ ಬಾ, ನಿನ್ನ ಕಿವಿ ತಗೊಂಡ ಬಾ. ಅದ್ದಿದೆ. ಗುಳ್ಳೆ ಬಂದವು. ಶನಿವಾರದ ಎಣ್ಣೆಯ ವಾಸನೆ ಎದ್ದಿತು, ಅಡುಗೆಮನೆ ತುಂಬಿತು, ಪಡಸಾಲೆಗೆ ಹೋಯಿತು, ಪಡಸಾಲೆಯಲ್ಲಿ ಅತ್ತೆಯ ಬೆನ್ನು ನೆಟ್ಟಗಾಯಿತು, ತಿರುಗಲಿಲ್ಲ, ಅಂಗೈಯಲ್ಲಿ ಲಿಂಗವಿತ್ತು. ನಾನು ತುಂಡುಗಳನ್ನು ಬಿಟ್ಟೆ.

ಚುಂಯ್ ಎಂದಿತು. ಇಷ್ಟು ದಿನ ಪಿಸುಮಾತು ಮತ್ತು ಅಳುವಿನ ಹೊರತು ಏನೂ ಇಲ್ಲದ ಮನೆಯಲ್ಲಿ ಅದು ಎಷ್ಟು ದೊಡ್ಡದಾಗಿ ಕೇಳಿತೆಂದರೆ ನಾನು ಹಿಂದೆ ಸರಿದೆ. ಪೂಜೆ ಮುಗಿಯಿತೋ ಮುಗಿಸಿದರೋ, ಅತ್ತೆ ಅಡುಗೆಮನೆಯ ಹೊಸ್ತಿಲಲ್ಲಿ, ಹಣೆಯ ವಿಭೂತಿ ಇನ್ನೂ ಹಸಿ. ಎಣ್ಣಿ ಇಟ್ಟೀಯಾ. ಹೂಂ ಅತ್ತಿ. ಮಣ್ಣ ಇನ್ನೂ ಒಣಗಿಲ್ಲ ಸುನಂದಾ, ಅವನ ಮ್ಯಾಲಿನ ಮಣ್ಣ ಒಣಗಿಲ್ಲ. ನಾನು ಜಾಲರಿ ಸವಟಿನಿಂದ ತಿರುವಿದೆ, ತಿರುವದಿದ್ದರೆ ತಳ ಹಿಡಿಯುತ್ತವೆ. ಇವು ಅವರು ಕರದಿಟ್ಟವು, ಶನಿವಾರ, ಅರ್ಧ ಕರದಿಟ್ಟವು ಎಂದೆ. ಅತ್ತೆ ಮುಂದೆ ಬಂದು ಕಡಾಯಿಯೊಳಗೆ ಬಾಗಿ ನೋಡಿದರು. ಇವಾ ಅವು. ಹೂಂ. ಇದನ್ನೇ ತಿಂದು ತಿಂದು ಅವನು — ಅಲ್ಲಿಗೆ ನಿಂತರು, ಆ ಮಾತು ಕೊನೆಗೂ ಹೊರಗೆ ಬಂತು, ಮನೆಯ ನಡುವೆ ನಿಂತಿತು, ಈಗ ನಾನು ಏನಾದರೂ ಹೇಳಬೇಕು. ಅವರು ತಿಂತಿರ್ಲಿಲ್ಲ ಅತ್ತಿ. ತಿನ್ನಲಾರದ ವಾರಾ ವಾರಾ ಯಾಕ ಮಾಡ್ತಿದ್ದ ಮತ್ತ. ಸಪ್ಪಳಕ್ಕ. ಏನ ಸಪ್ಪಳ. ಮುರದ್ರ ಬರೂ ಸಪ್ಪಳ, ನನ್ನ ಕಿವೀಗೆ ಹಿಡದ ಮುರೀತಿದ್ರು. ಅತ್ತೆ ನನ್ನ ಮುಖ ನೋಡಿದರು, ಸರಿಯಾಗಿ, ಮೊದಲ ಸಲ. ಬಂತೇನು, ಸಪ್ಪಳ. ಇಲ್ಲ ಅತ್ತಿ. ಒಮ್ಮೆಯೂ? ಒಮ್ಮೆಯೂ. ಎಣ್ಣೆ ಕೊತಗುಟ್ಟುತ್ತಿತ್ತು. ಅತ್ತೆ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ಹಿಂದೆ ಸರಿದು ಹೊಸ್ತಿಲ ಮೇಲೆ ಕೂತರು, ಸಣ್ಣಾಂವ ಇದ್ದಾಗ ಹಪ್ಪಳ ತಾಟಿನ್ಯಾಗ ಹಾಕಿದ್ರ ತಿಂತಿರ್ಲಿಲ್ಲ, ಎಡಗಿವಿ ಹಂತೇಲಿ ಹಿಡದ ಮುರದ ಮುರದ ಚೂರ ಮಾಡ್ತಿದ್ದ, ಅನ್ನ ಕೆಡಸ್ತೀ ಅಂತ ಬಡೀತಿದ್ದೆ ನಾನು. ಇಬ್ಬರೂ ಕಡಾಯಿ ನೋಡುತ್ತಿದ್ದೆವು. ತುಂಡುಗಳು ಹೊನ್ನಾಗಲಿಲ್ಲ, ಅಲ್ಲಲ್ಲಿ ಕಂದಿದವು, ಕಂದಿದಲ್ಲಿ ಕಪ್ಪು, ಮಿಕ್ಕಲ್ಲಿ ನೀರೊಡೆದು ಎಣ್ಣೆ ಹೀರಿ ತೂಕ ಬಂದವು. ತೆಗೆದೆ. ಉಪ್ಪು ಹಾಕಿದೆ. ಅತ್ತೆ ಹೊಸ್ತಿಲಿನಿಂದ ಏಳದೆ ಅಂದರು, ಒಂದ ತಗೊಂಡ ಮುರದ ನೋಡು. ಕೈ ಏಳಲಿಲ್ಲ. ನನ್ನ ಕೈಯಿಂದ ನನ್ನ ಕಿವಿಗೆ ಹಿಡಿಯುವುದು ಹೇಗೆ, ಮೊಣಕೈ ಎಲ್ಲಿ ಹೋಗಬೇಕು. ಬ್ಯಾಡ ಅತ್ತಿ ಎಂದೆ. ಬ್ಯಾಡಾದ್ರ ಬ್ಯಾಡ.

ಎಣ್ಣೆ ಆರುವವರೆಗೆ ಕಾದು ಪಾತೇಲಿಗೆ ಸುರಿದೆ, ಕಡಾಯಿಯನ್ನು ತೊಳೆಯಲಿಲ್ಲ, ಹಳೆಯ ಬಟ್ಟೆಯಿಂದ ಒರೆಸಿದೆ, ಕಾಗದ ಹಾಸಿ ಅದರೊಳಗೆ ಅವನ್ನು ಇಟ್ಟೆ. ಕಾದಷ್ಟೂ ಅವು ಮೆತ್ತಗಾಗುತ್ತವೆ, ಕಾಯದೆ ಬೇರೆ ದಾರಿಯಿಲ್ಲ, ಇರುವುದು ಒಂದೇ ಕಡಾಯಿ. ಅತ್ತೆ ಗೋಡೆಯ ಕಡೆ ಮುಖ ತಿರುಗಿಸಿಕೊಂಡರು, ನಾನು ಹೊರಗೆ ಒಯ್ದದ್ದನ್ನು ಕಂಡಿಲ್ಲ ಎನ್ನುವ ಹಾಗೆ. ಬಿಸಿಲು. ಕಾಲನಿಯ ರಸ್ತೆ ತೊಳೆದ ಹಾಗಿದೆ, ತಲೆಯ ಮೇಲೆ ಎಲ್ಲೋ ಮಂಗಟ್ಟೆ ಹಕ್ಕಿ ರೆಕ್ಕೆ ಬಡಿದು ಹೋಯಿತು, ಆ ಸಪ್ಪಳ ಅವನಿಗೂ ಕೇಳುತ್ತಿತ್ತು, ಅಷ್ಟು ದೊಡ್ಡದಾದರೆ ಕೇಳುತ್ತಿತ್ತು. ಕಡಾಯಿ ಭಾರ, ಸೊಂಟಕ್ಕೆ ಒತ್ತಿ ಹಿಡಿದೆ, ಸೀರೆಗೆ ಮಸಿ. ಲಕ್ಷ್ಮೀದೇವಿ ಕಿಟಕಿಯಿಂದ ನೋಡಿದಳು, ನೋಡಲಿ. ಕೊನೆಯ ಸಾಲಿನ ಕೊನೆಯ ಮನೆ, ಗೇಟಿಗೆ ತೆಂಗಿನ ಗರಿ ಕಟ್ಟುತ್ತಿದ್ದಾರೆ, ಅಂಗಳದಲ್ಲಿ ಹೆಂಗಸರು ಸುತ್ತ ಕೂತು ಕಾಯಿ ತುರಿಯುತ್ತ ನಗುತ್ತಿದ್ದಾರೆ, ಯಾರೋ ಗುಮಟೆಯ ಚರ್ಮ ತಟ್ಟಿ ಹದ ನೋಡುತ್ತಿದ್ದಾರೆ, ನಗು ನಿಂತಿತು. ಆಗ ನೆನಪಾಯಿತು, ಇದು ಮದುವೆ ಮನೆ, ನಾನು ಏನು ಎನ್ನುವುದೂ ಆಗಲೇ ನೆನಪಾಯಿತು, ಇಷ್ಟು ದಿನದಲ್ಲಿ ಯಾರೂ ಅದನ್ನು ಇಷ್ಟು ಸ್ಪಷ್ಟವಾಗಿ ಹೇಳಿರಲಿಲ್ಲ. ಗೇಟಿನ ಹೊರಗೇ ನಿಂತೆ. ಕೋಣ್ ಆಯ್ಲಾಂ ಗೋ ಎಂದು, ಯಾರು ಬಂದದ್ದೆಂದು, ಒಳಗಿನಿಂದ ಒಂದು ಮುದಿ ದನಿ. ಫ್ಲೇವಿಯಾ ಕೈಯ ಕಾಯಿತುರಿ ಸೆರಗಿಗೆ ಒರೆಸಿಕೊಳ್ಳುತ್ತ ಓಡಿ ಬಂದಳು, ಬಾಯಿ, ನೀವ್ಯಾಕ ಹೊತ್ತಗೊಂಡ ಬಂದ್ರಿ, ಜೇವಿಯರ್ ಬರ್ತಿದ್ದ, ಒಳಗ ಬರ್ರಿ. ಬ್ಯಾಡ, ಇಲ್ಲೇ. ಬರ್ರಿ ಅಂದ್ರ, ನಮ್ಮಲ್ಲಿ ಹಂಗೇನಿಲ್ಲ. ಅವಳ ಬೆನ್ನ ಹಿಂದೆ ಹೆಂಗಸರು ನೆಲ ನೋಡುತ್ತಿದ್ದರು, ಅವರಲ್ಲೂ ನಮ್ಮ ಹಾಗೆಯೇ. ಕಡಾಯಿಯನ್ನು ಅವಳ ಕೈಗೆ ದಾಟಿಸಿದೆ, ಕೈ ಹಗುರಾಯಿತು, ಹಗುರಾದದ್ದು ಕೈಗೆ ಗೊತ್ತಾಗಲಿಲ್ಲ. ಇದೇನ ಇದರಾಗ. ಅವರು ತುಂಬಿಸಿ ಕೊಡ್ತೇನಿ ಅಂದಿದ್ರು. ಫ್ಲೇವಿಯಾ ನೋಡಿದಳು, ಬಹಳ ಹೊತ್ತು ನೋಡಿದಳು, ಕಡಾಯಿಯನ್ನು ಗೇಟಿನ ಕಂಬದ ಮೇಲೆ ಆನಿಸಿ, ಹಿಂದೆ ತಿರುಗದೆ, ಒಂದು ತುಂಡನ್ನು ತೆಗೆದುಕೊಂಡಳು, ಅದು ತಲೆ ಬಗ್ಗಿಸಿತು, ಬಾಯಿಗೆ ಹಾಕಿದಳು. ನಾನು ಅವಳ ದವಡೆಯ ಹತ್ತಿರಕ್ಕೆ ಬಾಗಿದ್ದೆ, ಅದು ನನಗೆ ಆಮೇಲೆ ಗೊತ್ತಾಯಿತು. ದವಡೆ ಅಲುಗಿತು. ಅಂಗಳ ಮೌನವಾಗಿತ್ತು, ಗುಮಟೆ ಮೌನವಾಗಿತ್ತು, ಕೇಳಿಸುವುದಿದ್ದರೆ ಕೇಳಿಸಬೇಕಿತ್ತು. ಅವಳು ನುಂಗಿದಳು. ಚಲೋ ಆಗ್ಯಾವ ಬಾಯಿ, ಅಂದಳು, ಭಾಳ ಚಲೋ ಆಗ್ಯಾವ, ಕಟಂ ಅಂತಾವ. ಕಣ್ಣಲ್ಲಿ ನೀರಿತ್ತು. ಸುಳ್ಳು ಇಷ್ಟು ಸುಲಭ, ಇಷ್ಟು ಮೆತ್ತಗೆ, ಗೇಟಿನಲ್ಲಿ ನಿಂತು ಒಂದು ಉಸಿರಿನಲ್ಲಿ ಹೇಳಬಹುದು, ಅವನು ಕೇಳಿದ್ದು ಇದನ್ನೇ, ಸುಳ್ಳರ ಹೇಳ — ಎರಡೂ ಕೈಯ ಬೆರಳ ತುದಿ ನನ್ನ ಕಿವಿಯ ಹತ್ತಿರ, ಉಪ್ಪು, ಎಣ್ಣೆ, ನಡುವೆ ಒಂದು ತುಂಡು, ಎರಡು ತುದಿಗೂ ಬೆರಳು ಒತ್ತಿದೆ, ಬಾಗಿದೆ, ಇನ್ನೂ ಮುರಿದಿಲ್ಲ